ಎಡಗಡೆಯ ಹಾರ್ಮೋನಿಯಂ

ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ಕೊಟ್ರಬಸಪ್ಪ ಅಂತ ಒಬ್ಬ ಫಿಟ್ಟರ್ ಇದ್ದ. ಯಾವ ಯಂತ್ರ ನಿಂತರೂ ಅವನಿಗೇ ಕರೆ. ಅವನು ಬಂದು, ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು, ಯಂತ್ರಕ್ಕೆ ಕಿವಿ ಕೊಟ್ಟು ನಿಲ್ಲುತ್ತಿದ್ದ. "ಮೂರನೇ ಬೇರಿಂಗು" ಅಂದರೆ ಮೂರನೇ ಬೇರಿಂಗೇ. ಬಿಚ್ಚಿ ನೋಡಿದರೆ ಅದೇ ಸವೆದಿರುತ್ತಿತ್ತು. ಕೆಲಸಕ್ಕೆ ಸೇರಿದ ಹೊಸಬರಿಗೆ ಅವನು ಹೇಳುತ್ತಿದ್ದದ್ದು ಒಂದೇ ಮಾತು. "ಒಂದು ಸಲಕ್ಕೆ ಒಂದೇ ಬೋಲ್ಟಿಗೆ ಕೈ ಹಾಕು. ಏನಾಯ್ತು ನೋಡು. ಆಮೇಲೆ ಇನ್ನೊಂದು."

ಇಷ್ಟು ಚೆನ್ನಾಗಿ ಬುದ್ಧಿ ಹೇಳುತ್ತಿದ್ದ ಮನುಷ್ಯ, ನಿವೃತ್ತನಾದ ಮೇಲೆ ತನ್ನ ಮನೆಯಲ್ಲಿ ಏನು ಮಾಡಿಕೊಂಡ ಅನ್ನೋದು ಈ ಕಥೆ. ನಗು ಬಂದರೆ ತಡೆದುಕೊಳ್ಳಬೇಡಿ. ಅವನೇ ಈಗ ಇದನ್ನು ಹೇಳಿಕೊಂಡು ನಗುತ್ತಾನೆ.

ಕೊಟ್ರಬಸಪ್ಪನ ನಡುಮನೆಯಲ್ಲಿ ಹಳೆಯದೊಂದು ರೆಕಾರ್ಡ್ ಪ್ಲೇಯರ್ ಇತ್ತು. ಪಕ್ಕದಲ್ಲಿ ಆಂಪ್ಲಿಫೈಯರ್. ಎಡಕ್ಕೊಂದು, ಬಲಕ್ಕೊಂದು ಸ್ಪೀಕರ್ ಬಾಕ್ಸು. ರೆಕಾರ್ಡುಗಳು ಬೇಕಾದಷ್ಟು ಇದ್ದವು, ಆದರೆ ಅವನ ಪ್ರಾಣವೆಲ್ಲ ಇದ್ದದ್ದು ಒಂದೇ ಒಂದು ರೆಕಾರ್ಡಿನ ಮೇಲೆ. ಮಿಲ್ಲಿಗೆ ಇಪ್ಪತ್ತೈದು ವರ್ಷ ತುಂಬಿದಾಗ ಕಾರ್ಮಿಕರ ಭಜನಾ ಮೇಳದ ಹಾಡನ್ನು ಮುದ್ರಿಸಿ ಎಲ್ಲರಿಗೂ ಒಂದೊಂದು ಪ್ರತಿ ಹಂಚಿದ್ದರು. ಹಾಡಿದವನು ಕೊಟ್ರಬಸಪ್ಪ. ಹಾರ್ಮೋನಿಯಂ ನುಡಿಸಿದವನು ನೇಯ್ಗೆ ವಿಭಾಗದ ರಂಗೋಜಿ. ಅವತ್ತು ಇದ್ದದ್ದು ಎರಡೇ ಮೈಕು. ಒಂದನ್ನು ಹಾಡುವವನ ಮುಂದೆ ಇಟ್ಟರು, ಇನ್ನೊಂದನ್ನು ಹಾರ್ಮೋನಿಯಂ ಮುಂದೆ. ಹಾಗಾಗಿ ರೆಕಾರ್ಡು ಹಾಕಿದರೆ ಬಲಗಡೆ ಬಾಕ್ಸಿನಿಂದ ಕೊಟ್ರಬಸಪ್ಪನ ದನಿ, ಎಡಗಡೆ ಬಾಕ್ಸಿನಿಂದ ರಂಗೋಜಿಯ ಹಾರ್ಮೋನಿಯಂ.

ಬೇರೆಯವರ ಮನೆಯ ಪ್ರತಿಗಳು ಯಾವತ್ತೋ ಗೀರು ಬಿದ್ದು, ಒಡೆದು, ಕಳೆದುಹೋದವು. ಉಳಿದದ್ದು ಇದೊಂದೇ. ಪ್ರತಿ ವರ್ಷ ದೀಪಾವಳಿ ಪಾಡ್ಯದ ದಿನ ಮಿಲ್ಲಿನ ಹಳಬರೆಲ್ಲ ಕೊಟ್ರಬಸಪ್ಪನ ಮನೆಗೆ ಬಂದು, ಮಂಡಕ್ಕಿ ಮೆಣಸಿನಕಾಯಿ ತಿಂದು, ಈ ಹಾಡು ಕೇಳಿ ಹೋಗುವ ಪದ್ಧತಿ. ಇನ್ನು ರಂಗೋಜಿಯಂತೂ ಎರಡು ಓಣಿ ಆಚೆಯವನು, ದಿನಾ ಸಂಜೆ ಹಾಜರ್. ಎಡಗಡೆ ಬಾಕ್ಸಿನ ಪಕ್ಕದ ಬೆತ್ತದ ಕುರ್ಚಿ ಅವನದ್ದು. ಬೇರೆ ಯಾರಾದರೂ ಅದರಲ್ಲಿ ಕೂತರೆ ಕೊಟ್ರಬಸಪ್ಪನೇ ಎಬ್ಬಿಸುತ್ತಿದ್ದ.

ಆ ವರ್ಷ ಆಯುಧಪೂಜೆ ಬಂತು. ಮಿಲ್ಲಿನಲ್ಲಿ ಆಯುಧಪೂಜೆ ಅಂದರೆ ಕೊಟ್ರಬಸಪ್ಪನದ್ದೇ ದರ್ಬಾರು. ನೀರಲ್ಲಿ ಕಲಸಿದ ವಿಭೂತಿಗೆ ಮೂರು ಬೆರಳು ಅದ್ದಿ, ಯಂತ್ರದ ಹಣೆಗೆ ಬಲವಾಗಿ ಒತ್ತಿ ಪಟ್ಟೆ ಎಳೆದು, ನಡುವೆ ಕುಂಕುಮ ಒತ್ತುತ್ತಿದ್ದ. ಆನೆ ಗಾತ್ರದ ಯಂತ್ರಗಳು, ಅವಕ್ಕೆ ಇವನ ಬೆರಳು ಯಾವ ಲೆಕ್ಕ! ಮಿಲ್ಲು ಬಿಟ್ಟ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಮನೆಯಲ್ಲಿರುವ ಮಿಕ್ಸಿ, ಫ್ರಿಜ್ಜು, ಹೊಲಿಗೆ ಯಂತ್ರ, ಸೈಕಲ್ಲು, ಗೋಡೆ ಗಡಿಯಾರ, ಎಲ್ಲದಕ್ಕೂ ಮೂರು ಬೆರಳಿನ ವಿಭೂತಿ. ರೆಕಾರ್ಡ್ ಪ್ಲೇಯರ್ ಹಿಂದಿನ ವರ್ಷದವರೆಗೂ ಮುಚ್ಚಳದ ಮೇಲೆಯೇ ಹಚ್ಚಿಸಿಕೊಳ್ಳುತ್ತಿತ್ತು. ಈ ಸಲ ಏನು ಹುಕಿ ಬಂತೋ, ಭಕ್ತಿ ಜಾಸ್ತಿಯಾಗಿ ಮುಚ್ಚಳ ಎತ್ತಿಯೇ ಪೂಜೆ ಮಾಡಿದ. ಇದೊಂದನ್ನು ನೆನಪಿಟ್ಟುಕೊಂಡಿರಿ. ಅವನು ಮಾತ್ರ ಮರೆತುಬಿಟ್ಟ.

ಪೂಜೆ ಮಾಡಿದ ಆಯುಧವನ್ನು ಅವತ್ತು ಮುಟ್ಟಬಾರದು ತಾನೆ. ಹಾಗಾಗಿ ಆ ದಿನ ಹಾಡಿಲ್ಲ. ಮಾರನೇ ದಿನ ವಿಜಯದಶಮಿ. ಸಂಜೆ ರಂಗೋಜಿ ಹೊಸ ಟೋಪಿ ಹಾಕಿಕೊಂಡು, ಎಂದಿನಂತೆ ಹಣೆಗೆ ಕರಿ ಬುಕ್ಕಾ ಪುಡಿ ಇಟ್ಟುಕೊಂಡು, ಕೈಯಲ್ಲಿ ಬನ್ನಿ ಎಲೆ ಹಿಡಿದುಕೊಂಡು ಬಂದ.

"ತಗೋ ಕೊಟ್ರಣ್ಣ, ಬನ್ನಿ ತಗೊಂಡು ಬಂಗಾರದಂಗೆ ಇರೋಣ" ಅಂದ.

"ಇರೋಣ ಇರೋಣ. ಮೊದಲು ಒಂದು ಹಾಡು ಹಾಕು, ನಾನು ದೇವರ ಮನೆಯಿಂದ ನನ್ನ ಬನ್ನಿ ತರ್ತೀನಿ" ಅಂತ ಕೊಟ್ರಬಸಪ್ಪ ಒಳಗೆ ಹೋದ.

ರಂಗೋಜಿ ರೆಕಾರ್ಡು ಇಟ್ಟು, ಎಂದಿನಂತೆ ನಾಜೂಕಾಗಿ ಸೂಜಿ ಇಳಿಸಿದ. ಹಾಡು ಶುರುವಾಯಿತು. ಬಲಗಡೆಯಿಂದ ಕೊಟ್ರಬಸಪ್ಪನ ದನಿ ಗಂಟೆಯ ಹಾಗೆ ಬಂತು. ಎಡಗಡೆಯಿಂದ ಏನೂ ಇಲ್ಲ. ರಂಗೋಜಿ ಬಾಕ್ಸಿಗೆ ಕಿವಿ ಹಚ್ಚಿದ. ಉಹುಂ.

"ಕೊಟ್ರಣ್ಣ, ನನ್ನ ಹಾರ್ಮೋನಿಯಂ ಎಲ್ಲಿ ಹೋಯ್ತು?"

ಕೊಟ್ರಬಸಪ್ಪ ಓಡಿ ಬಂದ. ಗುಂಡಿ ತಿರುಗಿಸಿದ, ವೈರು ಅಲುಗಾಡಿಸಿದ, ಬಾಕ್ಸಿನ ತಲೆಗೆ ಎರಡು ತಟ್ಟಿದ. ಎಡಗಡೆ ಸದ್ದೇ ಇಲ್ಲ. ಪಾಡ್ಯಕ್ಕೆ ಉಳಿದದ್ದು ಮೂರೇ ವಾರ. ಇರುವುದು ಇದೊಂದೇ ರೆಕಾರ್ಡು, ಇದೊಂದೇ ಯಂತ್ರ. ಹೆದರಿದ ಮನುಷ್ಯನಿಗೆ ಎದುರಿಗೆ ಯಾರಾದರೂ ಸಿಕ್ಕಿದರೆ ಸಾಕಲ್ಲ.

"ಏನ್ ಮಾಡಿದ್ಯೋ ಮಾರಾಯ! ಸೂಜಿ ಎತ್ತಿ ಹಾಕಿದ್ಯಾ? ಮೊನ್ನೆವರೆಗೂ ಚೆನ್ನಾಗಿತ್ತು. ನೀನು ಮುಟ್ಟಿದ್ದೇ ಮುಟ್ಟಿದ್ದು, ಹಾಳಾಯ್ತು ನೋಡು!"

ರಂಗೋಜಿ ಮೊದಲು ತಮಾಷೆ ಅಂದುಕೊಂಡ. ಮುಖ ನೋಡಿದ ಮೇಲೆ ಅಲ್ಲ ಅಂತ ಗೊತ್ತಾಯಿತು.

"ನಲವತ್ತು ವರ್ಷದಿಂದ ಇದೇ ಕೈಯಿಂದ ಸೂಜಿ ಇಡ್ತಾ ಬಂದೀನಿ ಕೊಟ್ರಣ್ಣ. ಒಂದು ಗೀರು ಬಿದ್ದೈತಾ?"

"ಇವತ್ತು ಬಿತ್ತಲ್ಲ! ವಯಸ್ಸಾಯ್ತು, ಕೈ ನಡುಗ್ತೈತೆ ಅಂತ ಒಪ್ಕೋ."

ಹಾರ್ಮೋನಿಯಂ ನುಡಿಸುವವನಿಗೆ ಕೈ ನಡುಗುತ್ತದೆ ಅಂದರೆ ಏನು ಉಳಿಯಿತು ಹೇಳಿ! ರಂಗೋಜಿ ತಾನು ತಂದ ಬನ್ನಿ ಎಲೆಯನ್ನು ಮುಚ್ಚಳದ ಪಕ್ಕ ಇಟ್ಟ. ಟೋಪಿ ಸರಿ ಮಾಡಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಕೊಟ್ರಬಸಪ್ಪನ ಕೈಯಲ್ಲಿದ್ದ ಬನ್ನಿ ಅವನ ಕೈಯಲ್ಲೇ ಉಳಿಯಿತು.

ಕೊಟ್ರಬಸಪ್ಪನ ಹೆಂಡತಿ ಹಾಲಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲಾ ಕೇಳಿಸಿಕೊಂಡಿದ್ದಳು. "ಹಬ್ಬದ ದಿನ ಎಂಥಾ ಮಾತು ಆಡಿದ್ರಿ! ಹೋಗಿ ಕರ್ಕೊಂಡು ಬರ್ರಿ" ಅಂದಳು.

"ನಾನ್ಯಾಕೆ ಹೋಗ್ಲಿ? ಕೆಡಿಸಿದವನು ಅವನು" ಅಂದ ಕೊಟ್ರಬಸಪ್ಪ.

ಅವತ್ತಿನಿಂದ ರಂಗೋಜಿ ಬರುವುದು ನಿಂತಿತು. ಬೆತ್ತದ ಕುರ್ಚಿ ಖಾಲಿ. ಕೊಟ್ರಬಸಪ್ಪ ಎರಡು ದಿನ ಜಂಬದಲ್ಲೇ ಕಳೆದ. ಒಬ್ಬನೇ ಕೂತು ಆ ರೆಕಾರ್ಡು ಹಾಕಿಕೊಂಡು, "ಪರವಾಗಿಲ್ಲ, ಹಾರ್ಮೋನಿಯಂ ಗಲಾಟೆ ಇಲ್ಲದೆ ನನ್ನ ದನಿ ಇನ್ನೂ ಚೆನ್ನಾಗಿ ಕೇಳ್ತೈತೆ" ಅಂತ ತನ್ನ ಬೆನ್ನು ತಾನೇ ತಟ್ಟಿಕೊಂಡ. ಮೂರನೇ ದಿನ ಕೇಳುವಾಗ ಎರಡನೇ ಚರಣದ ನಡುವೆ ಏನೋ ಎಡವಟ್ಟಾಯಿತು. ಅಲ್ಲಿ ಅವನ ದನಿ ತಟಕ್ಕನೆ ನಿಂತುಬಿಡುತ್ತಿತ್ತು. ನಾಲ್ಕು ತಾಳ ಬರೀ ಖಾಲಿ. ಆಮೇಲೆ ಕಳ್ಳನ ಹಾಗೆ ಮೆಲ್ಲಗೆ ಸಾಲು ಹಿಡಿಯುತ್ತಿತ್ತು.

"ಇದೇನಿದು? ನಾನು ಇಲ್ಲಿ ಮರೆತಿದ್ದೀನಾ? ಛೆ, ಎಲ್ಲಿ ಸಾಧ್ಯ! ಅದೂ ಸೂಜಿದೇ ತಪ್ಪು" ಅಂದುಕೊಂಡ. ಪಾಪ, ಆ ಸೂಜಿಗೆ ಬಾಯಿ ಇದ್ದಿದ್ದರೆ ಏನನ್ನುತ್ತಿತ್ತೋ.

ಆಮೇಲೆ ಶುರುವಾಯಿತು ನೋಡಿ ರಿಪೇರಿ ಕಾಂಡ. ಸ್ಪೀಕರ್ ಬಾಕ್ಸಿನ ಬೆನ್ನು ಬಿಚ್ಚಿದ, ಮುಚ್ಚಿದ. ವೈರುಗಳನ್ನೆಲ್ಲ ಹೊಸದು ಹಾಕಿದ. ಆಂಪ್ಲಿಫೈಯರನ್ನು ಸೈಕಲ್ಲಿಗೆ ಕಟ್ಟಿಕೊಂಡು ಪೇಟೆಯ ಅಂಗಡಿಗೆ ಒಯ್ದ. ಅಂಗಡಿಯವನು ನೋಡಿ, "ಇದಕ್ಕೇನೂ ಆಗಿಲ್ಲ ಯಜಮಾನ್ರೆ, ಚೆನ್ನಾಗೈತೆ" ಅಂದ. ಕೊಟ್ರಬಸಪ್ಪ ನಂಬಲಿಲ್ಲ. ಬೆಂಗಳೂರಿನ ಒಂದು ಅಂಗಡಿಗೆ ಫೋನ್ ಮಾಡಿದ. ಅಲ್ಲಿಯವನು ಫೋನಿನಲ್ಲೇ ನಾಡಿ ನೋಡಿದ. "ಕಾರ್ಟ್ರಿಜ್ ಸತ್ತಿರಬೇಕು ಸಾರ್. ಆ ಮಾಡಲ್ ಈಗ ಬರ್ತಾ ಇಲ್ಲ."

ಕಾರ್ಟ್ರಿಜ್ ಅಂದರೆ ಪ್ಲೇಯರಿನ ತೋಳಿನ ತುದಿಯಲ್ಲಿ ಸೂಜಿಯನ್ನು ಹಿಡಿದುಕೊಂಡಿರುವ ಪುಟ್ಟ ಡಬ್ಬಿ. ಕಡಲೆಬೀಜಕ್ಕಿಂತ ಸ್ವಲ್ಪ ದೊಡ್ಡದು ಅಷ್ಟೆ. ಸೂಜಿಯ ನಡುಕವನ್ನು ಕರೆಂಟು ಮಾಡಿ ಮುಂದಕ್ಕೆ ಕಳಿಸುವುದೇ ಅದರ ಕೆಲಸ. ಅದು ಸತ್ತರೆ ಎಲ್ಲಾ ಮುಗಿದ ಹಾಗೆ.

ಕೊಟ್ರಬಸಪ್ಪ ಫೋನ್ ಇಟ್ಟವನೇ ಕುಸಿದು ಕೂತ. ಈಗ ದುಃಖವೂ ಬಂತು, ಸಿಟ್ಟೂ ಬಂತು. "ಕೊಂದೇಬಿಟ್ಟ ನನ್ನ ಕಾರ್ಟ್ರಿಜ್ಜನ್ನ" ಅಂತ ಗೊಣಗಿಕೊಂಡು ಎದ್ದ. ಒಂದೇ ಏಟಿಗೆ ಇದ್ದ ವೈರನ್ನೆಲ್ಲ ಕಿತ್ತ. ಇಲ್ಲಿದ್ದದ್ದನ್ನು ಅಲ್ಲಿಗೆ, ಅಲ್ಲಿದ್ದದ್ದನ್ನು ಇಲ್ಲಿಗೆ ಚುಚ್ಚಿದ. ಗುಂಡಿ ಒತ್ತಿದ. ಬಲಗಡೆ ಬಾಕ್ಸೂ ಬಾಯಿ ಮುಚ್ಚಿಕೊಂಡಿತು. ಇದ್ದ ಒಂದು ದನಿಯೂ ಹೋಯಿತು.

ಪಾಡ್ಯಕ್ಕೆ ಇನ್ನು ಐದೇ ದಿನ. ಬೆಳಿಗ್ಗೆ ಕೊಟ್ರಬಸಪ್ಪ ಸಪ್ಪೆ ಮುಖ ಹಾಕಿಕೊಂಡು ಅಡುಗೆಮನೆಯಲ್ಲಿ ಮಣೆ ಹಾಕಿ ಕೂತಿದ್ದ. ಹಾಲಮ್ಮ ದೋಸೆ ಹುಯ್ಯುತ್ತಿದ್ದಳು. ಅವತ್ತು ದೋಸೆ ಹಂಚು ಬಿಟ್ಟು ಏಳುತ್ತಲೇ ಇರಲಿಲ್ಲ. ಒಂದು ಹರಿಯಿತು. ಇನ್ನೊಂದು ಹರಿಯಿತು.

ಕೊಟ್ರಬಸಪ್ಪನಿಗೆ ತಡೆಯಲಿಲ್ಲ. "ಹಂಚು ಬದಲಾಯಿಸು. ಹಿಟ್ಟಿಗೆ ಒಂದಿಷ್ಟು ನೀರು ಹಾಕು. ಉರಿ ಸಣ್ಣ ಮಾಡು" ಅಂತ ಕೂತಲ್ಲಿಂದಲೇ ಅಪ್ಪಣೆ ಕೊಟ್ಟ.

ಹಾಲಮ್ಮ ಸೌಟು ಹಿಡಿದುಕೊಂಡೇ ತಿರುಗಿದಳು. "ಮೂರನ್ನೂ ಒಟ್ಟಿಗೇ ಮಾಡಿದ್ರೆ ತಪ್ಪು ಹಂಚಿನದ್ದೋ, ಹಿಟ್ಟಿನದ್ದೋ, ಉರಿದೋ ಅಂತ ನಂಗೆ ಹೆಂಗ್ರೀ ಗೊತ್ತಾಗಬೇಕು? ನಾಳೆ ಮತ್ತೆ ಅಂಟಿದ್ರೆ ಯಾರನ್ನ ಕೇಳ್ಲಿ? ಸುಮ್ನೆ ಕುಂದ್ರಿ. ಮೊದಲು ಉರಿ ಒಂದು ಸಣ್ಣ ಮಾಡ್ತೀನಿ."

ಉರಿ ಸಣ್ಣ ಮಾಡಿದಳು. ಒಂದು ದೋಸೆ ಹುಯ್ದಳು. ಅದು ಹೂವಿನ ಹಾಗೆ ಎದ್ದು ಬಂತು.

"ನೋಡಿದ್ರಾ? ಹಂಚು ಪಾಪದ್ದು, ಹಿಟ್ಟೂ ಪಾಪದ್ದು, ತಪ್ಪೆಲ್ಲ ಉರಿದು" ಅಂತ ಅದನ್ನು ಗಂಡನ ತಟ್ಟೆಗೆ ಹಾಕಿ, ಮೇಲೊಂದು ಬೆಣ್ಣೆ ಇಟ್ಟಳು. "ಒಂದು ಸಲಕ್ಕೆ ಒಂದೇ ಬೋಲ್ಟಿಗೆ ಕೈ ಹಾಕು ಅಂತ ಮಿಲ್ಲಿನವರಿಗೆಲ್ಲ ಪಾಠ ಹೇಳ್ತಿದ್ರಲ್ಲ, ಮನೆಗೆ ಬರ್ತಾ ಗೇಟಲ್ಲೇ ಬಿಟ್ಟು ಬಂದ್ರಾ?"

ಕೊಟ್ರಬಸಪ್ಪನ ಬಾಯಿಯೊಳಗಿದ್ದ ದೋಸೆ ಅಲ್ಲೇ ನಿಂತಿತು. ನಾಚಿಕೆಯಾಯಿತು. ಆಮೇಲೆ ತನ್ನಷ್ಟಕ್ಕೇ ನಗು ಬಂತು. ಇನ್ನೆರಡು ದೋಸೆ ತಿಂದು, ಕೈ ತೊಳೆದು, ಹಳೆಯ ಖಾಕಿ ಅಂಗಿ ತೆಗೆದು ಹಾಕಿಕೊಂಡ. "ಹಾಲಿ, ಬ್ಯಾಟರಿ ತಗೊಂಡು ಬಾ" ಅಂದ. ಅವನ ದನಿಯಲ್ಲಿ ಮಿಲ್ಲಿನ ಫಿಟ್ಟರ್ ವಾಪಸ್ ಬಂದಿದ್ದ.

ಮೊದಲು ಎಲ್ಲಾ ವೈರನ್ನೂ ಮುಂಚೆ ಇದ್ದ ಹಾಗೇ ಜೋಡಿಸಿದ. ಬಲಗಡೆ ದನಿ ವಾಪಸ್ ಬಂತು. ಎಡಗಡೆ ಮೌನ. ಸರಿ, ಈಗ ಒಂದೊಂದೇ.

ಸ್ಪೀಕರಿನ ಎರಡು ವೈರನ್ನು ಮಾತ್ರ ಅದಲು ಬದಲು ಮಾಡಿ ಹಾಡು ಹಾಕಿದ. ಈಗ ಎಡಗಡೆ ಬಾಕ್ಸು ಹಾಡಿತು, ಬಲಗಡೆಯದು ಮೌನ. "ಬಾಕ್ಸು ಎರಡೂ ಚೆನ್ನಾಗವೆ" ಅಂದ ಕೊಟ್ರಬಸಪ್ಪ. ಆದರೆ ರಂಗೋಜಿ ಕೂರುವ ಕುರ್ಚಿಯ ಪಕ್ಕದಿಂದ ತನ್ನದೇ ದನಿ ಬರುವುದನ್ನು ಕೇಳಿ ಅವನಿಗೆ ಕಸಿವಿಸಿ ಆಯಿತು. ಅವನ ಜಾಗದಲ್ಲೂ ನಾನೇ, ಇದೆಂಥ ಹಾಡು ಅನ್ನಿಸಿತು. ಬೇಗ ಬೇಗ ವೈರನ್ನು ಮೊದಲಿನ ಹಾಗೆ ಹಾಕಿದ.

ಆಮೇಲೆ ಪ್ಲೇಯರಿನಿಂದ ಆಂಪ್ಲಿಫೈಯರಿಗೆ ಬರುವ ಎರಡು ಪಿನ್ನುಗಳನ್ನು ಅದಲು ಬದಲು ಮಾಡಿದ. ಮತ್ತೆ ದನಿ ಎಡಕ್ಕೆ ಹೋಯಿತು, ಮೌನ ಬಲಕ್ಕೆ ಬಂತು.

"ಅಂದ್ರೆ?" ಅಂತ ಕೇಳಿದಳು ಬ್ಯಾಟರಿ ಹಿಡಿದಿದ್ದ ಹಾಲಮ್ಮ.

"ಅಂದ್ರೆ ಆಂಪ್ಲಿಫೈಯರ್ ಪಾಪದ್ದು. ಏನು ಕೊಟ್ರೂ ಹಾಡ್ತೈತೆ. ತಪ್ಪು ಅದಕ್ಕಿಂತ ಹಿಂದೆ, ಪ್ಲೇಯರಿನಲ್ಲೇ ಐತೆ."

ಪಿನ್ನುಗಳನ್ನು ವಾಪಸ್ ಹಾಕಿ, ಕರೆಂಟು ತೆಗೆದು, ತೋಳಿನ ತುದಿಯ ಹತ್ತಿರ ಬಂದ. ಕಾರ್ಟ್ರಿಜ್ಜಿನ ಬೆನ್ನಿಗೆ ಕೂದಲಿನಷ್ಟು ತೆಳುವಾದ ನಾಲ್ಕು ವೈರು ಚುಚ್ಚಿಕೊಂಡಿರುತ್ತವೆ. ಬಿಳಿ, ನೀಲಿ, ಕೆಂಪು, ಹಸಿರು. ಬಿಳಿ ನೀಲಿ ಎರಡೂ ಎಡಗಡೆಯವು. ಬರಿಗಣ್ಣಿಗೆ ನಾಲ್ಕೂ ಚೆನ್ನಾಗಿಯೇ ಕಂಡವು. ಕೊಟ್ರಬಸಪ್ಪ ಚಿಮಟ ಹಿಡಿದು ಬಿಳಿ ವೈರನ್ನು ಮೆಲ್ಲಗೆ ಮುಟ್ಟಿದ. ಅದು ಅಲುಗಾಡಿತು.

"ಹಾಲಿ, ಭೂತಗನ್ನಡಿ ಕೊಡು."

ಭೂತಗನ್ನಡಿ ಹಿಡಿದು ನೋಡಿದ. ನೋಡಿದವನು ಹಾಗೇ ನಿಂತ.

"ಏನ್ರೀ? ಸತ್ತೈತಾ?"

"ಇಲ್ಲ."

"ಮತ್ತೆ?"

"ಬಿಳಿ ವೈರು ಪಿನ್ನಿನಿಂದ ಅರ್ಧ ಹೊರಗೆ ಬಂದೈತೆ. ಯಾರೋ ಮೇಲಿನಿಂದ ಒತ್ತಿದಾರೆ. ಪಿನ್ನಿನ ಮೇಲೆ ಬೆಳ್ಳಗೆ ಏನೋ ಒಣಗಿ ಕೂತೈತೆ. ಬಿಳಿ ವೈರಿನ ಮೇಲೆ ಬಿಳಿದು, ಅದಕ್ಕೇ ಕಂಡಿಲ್ಲ." ಕೊಟ್ರಬಸಪ್ಪ ಭೂತಗನ್ನಡಿಯನ್ನು ಇನ್ನೂ ಹತ್ತಿರಕ್ಕೆ ಹಿಡಿದ. "ನಡುವೆ ಕೆಂಪಗೆ ಒಂದು ಚುಕ್ಕೆ ಐತೆ."

ಹಾಲಮ್ಮ ಭೂತಗನ್ನಡಿ ಕಿತ್ತುಕೊಂಡು ತಾನೂ ನೋಡಿದಳು. ಒಂದು ಸಲ ಕಾರ್ಟ್ರಿಜ್ಜನ್ನು ನೋಡಿದಳು, ಒಂದು ಸಲ ಗಂಡನ ಹಣೆಯನ್ನು ನೋಡಿದಳು. ಅಲ್ಲಿ ಬೆಳಗಿನ ವಿಭೂತಿ ಮೂರು ಪಟ್ಟೆಯಾಗಿ ಕೂತಿತ್ತು.

"ಅಯ್ಯೋ ನನ್ನ ಶಿವನೇ! ಕರಿ ಬುಕ್ಕಾ ಇದ್ದಿದ್ರೆ ರಂಗೋಜಿ ಅಣ್ಣನ ಕೈ ಅನ್ನಬಹುದಿತ್ತು. ಇದು ಯಾರ ಮನೆ ವಿಭೂತಿ?" ಅಂದವಳೇ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ಬ್ಯಾಟರಿ ಬೆಳಕು ಗೋಡೆಯ ಮೇಲೆಲ್ಲ ಕುಣಿಯಿತು.

ಆಗ ಕೊಟ್ರಬಸಪ್ಪನಿಗೆ ಎಲ್ಲಾ ನೆನಪಾಯಿತು. ಆಯುಧಪೂಜೆಯ ದಿನ ಮುಚ್ಚಳ ಎತ್ತಿ, 'ಹಾಡೋದು ಈ ಪುಟ್ಟದೇ ತಾನೆ, ಇದರ ಹಣೆಗೇ ಹಚ್ಚೋಣ' ಅಂತ ಅಂದುಕೊಂಡಿದ್ದ. ಮೂರು ಬೆರಳು ಹಿಡಿಸದಿದ್ದರೂ ಮಿಲ್ಲಿನ ಅಭ್ಯಾಸದಲ್ಲಿ ಬಲವಾಗಿ ಒತ್ತಿ ಎಳೆದಿದ್ದ. ಆ ಒತ್ತಡಕ್ಕೆ ವೈರು ಜಾರಿತ್ತು. ಹಸಿ ವಿಭೂತಿ ಸಂದಿಗೆ ಇಳಿದು ಒಣಗಿತ್ತು. ಮಾರನೇ ದಿನ ರಂಗೋಜಿ ಸೂಜಿ ಇಳಿಸುವ ಮುಂಚೆಯೇ ಎಡಗಡೆ ಸತ್ತಿತ್ತು.

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತನ್ನ ಮೂರು ಬೆರಳನ್ನು ಕಣ್ಣ ಮುಂದೆ ಹಿಡಿದುಕೊಂಡು, "ನಡುಗೋ ಕೈ ಅಂದೆನಲ್ಲ ಹಾಲಿ ಅವನಿಗೆ" ಅಂದ. ಹಾಲಮ್ಮ ನಗು ನಿಲ್ಲಿಸಿ ಅವನ ಭುಜ ಹಿಡಿದುಕೊಂಡಳು.

ಹತ್ತಿಗೆ ಸ್ಪಿರಿಟ್ ಮುಟ್ಟಿಸಿ, ಪಿನ್ನನ್ನು ಮಗುವಿನ ಮೂಗು ಒರೆಸುವ ಹಾಗೆ ಒರೆಸಿದ. ಒಣಗಿದ್ದೆಲ್ಲ ಬಿಟ್ಟು ಬಂತು. ಚಿಮಟದಿಂದ ಬಿಳಿ ವೈರನ್ನು ಅದರ ಜಾಗಕ್ಕೆ ಮೆಲ್ಲಗೆ ತಳ್ಳಿದ. ರೆಕಾರ್ಡು ಇಟ್ಟ. ಉಸಿರು ಬಿಗಿಹಿಡಿದು ಸೂಜಿ ಇಳಿಸಿದ.

ಎಡಗಡೆಯಿಂದ ಹಾರ್ಮೋನಿಯಂ ಹೊಮ್ಮಿತು. ಸತ್ತೈತೆ ಅಂತ ಬೆಂಗಳೂರಿನವನು ಹೇಳಿದ ಕಾರ್ಟ್ರಿಜ್ಜು ಗುಂಡುಕಲ್ಲಿನ ಹಾಗಿತ್ತು! ಹಾಲಮ್ಮ ಚಪ್ಪಾಳೆ ತಟ್ಟಿದಳು. ಕೊಟ್ರಬಸಪ್ಪ ಕುಣಿಯುವುದೊಂದು ಬಾಕಿ. ಹಾಡು ಎರಡನೇ ಚರಣಕ್ಕೆ ಬಂತು. ಅವನು ಕಿವಿ ನಿಮಿರಿಸಿದ. ಅದೇ ಜಾಗದಲ್ಲಿ ಅವನ ದನಿ ನಿಂತಿತು. ನಿಂತ ಕೂಡಲೇ ಹಾರ್ಮೋನಿಯಂ ಮುಂದೆ ಬಂದು, ನಾಲ್ಕು ತಾಳ ತುಂಬುವಷ್ಟು ಒಂದು ಚೆಂದದ ಸುತ್ತು ಹಾಕಿ, ಸಾಲಿನ ಮೊದಲ ಸ್ವರವನ್ನು ಒತ್ತಿ ಹಿಡಿದು ಕಾಯಿತು. ಆ ಸ್ವರ ಹಿಡಿದುಕೊಂಡೇ ಅವನ ದನಿ ಒಳಗೆ ಬಂತು.

ಕೊಟ್ರಬಸಪ್ಪ ಪ್ಲೇಯರಿನ ತೋಳು ಎತ್ತಿ ಹಾಡು ನಿಲ್ಲಿಸಿಬಿಟ್ಟ. ನಲವತ್ತು ವರ್ಷ ಆ ಸುತ್ತನ್ನು ಕೇಳಿ ತಲೆದೂಗಿದ್ದ. ಅದು ಹಾಡಿನಲ್ಲೇ ಇರುವುದು ಅಂದುಕೊಂಡಿದ್ದ. ತಾನು ಸಾಲು ಮರೆತಾಗ ರಂಗೋಜಿ ಮಾನ ಕಾಪಾಡಿದ್ದು ಇವತ್ತು ಗೊತ್ತಾಯಿತು. ಅವನ ಕಣ್ಣು ತುಂಬಿ ಬಂತು, ಒರೆಸಿಕೊಳ್ಳದೆಯೇ ಚಪ್ಪಲಿ ಮೆಟ್ಟಿಕೊಂಡ.

"ಎಲ್ಲಿಗೆ ಹೊರಟ್ರಿ?" ಅಂದಳು ಹಾಲಮ್ಮ.

"ಬನ್ನಿ ಕೊಡೋಕೆ."

ಅವತ್ತು ಕೊಡದೆ ಕೈಯಲ್ಲೇ ಉಳಿದಿದ್ದ ಬನ್ನಿ ಒಣಗಿ ಪುಡಿಯಾಗಿತ್ತು. ಕೊಟ್ರಬಸಪ್ಪ ಸೈಕಲ್ ಹತ್ತಿ ಊರ ಹೊರಗಿನ ಬನ್ನಿ ಮರದ ತನಕ ಹೋದ. ಅಲ್ಲಿ ಎಮ್ಮೆ ಕಟ್ಟುತ್ತಿದ್ದ ಹೆಂಗಸೊಬ್ಬಳು, "ಯಜಮಾನ್ರೆ, ಹಬ್ಬ ಮುಗಿದು ಎಷ್ಟು ದಿನ ಆಯ್ತು, ಈಗ ಬಂದೀರಲ್ಲ!" ಅಂತ ನಕ್ಕಳು. "ನನಗೆ ಇವತ್ತು ಹಬ್ಬ ಕಣಮ್ಮ" ಅಂತ ಅವನೂ ನಕ್ಕು, ಒಂದು ಹಿಡಿ ಎಲೆ ಕಿತ್ತುಕೊಂಡ.

ರಂಗೋಜಿ ತನ್ನ ಮನೆಯ ಜಗಲಿಯಲ್ಲಿ ಪೇಪರು ಓದುತ್ತಿದ್ದ. ಸೈಕಲ್ಲಿನ ಬೆಲ್ಲು ಕೇಳಿದ ಮೇಲೂ ಪೇಪರು ಕೆಳಗೆ ಇಳಿಸಲಿಲ್ಲ. ಕೊಟ್ರಬಸಪ್ಪ ಮೆಟ್ಟಿಲ ಕೆಳಗೇ ನಿಂತ.

"ರಂಗೋಜಿ, ಕಾರ್ಟ್ರಿಜ್ ಕೆಡಿಸಿದ್ದು ನಾನು."

ಪೇಪರು ಅಲುಗಾಡಲಿಲ್ಲ.

"ಅದರ ಹಣೆಗೆ ವಿಭೂತಿ ಹಚ್ಚಿದೆ. ಒತ್ತಿ ಹಚ್ಚಿದೆ. ವೈರು ಕಿತ್ತು ಬಂತು. ನಿನ್ನ ಕೈ ನಡುಗ್ತೈತೆ ಅಂದೆ. ತಪ್ಪಾಯ್ತು ಮಾರಾಯ. ನನ್ನ ಕೈಗೆ ಬುದ್ಧಿ ಇರಲಿಲ್ಲ."

ಪೇಪರಿನ ಹಿಂದಿನಿಂದ ಏನೋ ಸದ್ದು ಬಂತು. ಅಳುತ್ತಿದ್ದಾನೇನೋ ಅಂತ ಕೊಟ್ರಬಸಪ್ಪ ಗಾಬರಿಯಾದ. ಪೇಪರು ಕೆಳಗೆ ಬಂದಾಗ ನೋಡಿದರೆ ರಂಗೋಜಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಕಾರ್ಟ್ರಿಜ್ಜಿಗೆ ವಿಭೂತಿನಾ! ಆರತಿನೂ ಎತ್ತಬೇಕಿತ್ತು, ಎಲ್ಲಾ ಒಟ್ಟಿಗೇ ಕರಗಿ ಹೋಗ್ತಿತ್ತು!"

"ನಗು, ನಗು. ಇನ್ನೊಂದು ಐತೆ. ಎರಡನೇ ಚರಣದಲ್ಲಿ ನಾನು ಸಾಲು ಮರೆತಿದ್ದೆ. ನೀನು ನಾಲ್ಕು ತಾಳ ತುಂಬಿ ನನ್ನ ಎಳ್ಕೊಂಡು ಬಂದೆ. ಯಾಕೋ ಒಂದು ದಿನನೂ ಹೇಳಲಿಲ್ಲ?"

"ಹೇಳಿದ್ರೆ ನೀನು ಇನ್ನೊಂದ್ಸಲ ಹಾಡ್ತೀನಿ ಅಂತಿದ್ದೆ ಕೊಟ್ರಣ್ಣ. ಊಟಕ್ಕೆ ಹೊತ್ತಾಗಿತ್ತು" ಅಂದ ರಂಗೋಜಿ. ಆಮೇಲೆ ಮೆತ್ತಗೆ, "ಜತೆಯಲ್ಲಿ ಕೂತಿದ್ದೆನಲ್ಲ, ಬಿಟ್ಟುಬಿಡ್ಲಾ?" ಅಂದ.

ಕೊಟ್ರಬಸಪ್ಪ ಮೆಟ್ಟಿಲು ಹತ್ತಿ, ಅವನ ಎರಡೂ ಕೈಗೆ ಬನ್ನಿ ಎಲೆ ತುಂಬಿದ. "ಬಂಗಾರದಂಗೆ ಇರೋಣ" ಅಂದ. ಇಬ್ಬರೂ ಅಪ್ಪಿಕೊಂಡರು. ರಂಗೋಜಿಯ ಬುಕ್ಕಾ ಕೊಟ್ರಬಸಪ್ಪನ ಹಣೆಗೂ, ಕೊಟ್ರಬಸಪ್ಪನ ವಿಭೂತಿ ರಂಗೋಜಿಯ ಟೋಪಿಗೂ ಮೆತ್ತಿಕೊಂಡವು.

ಪಾಡ್ಯದ ಸಂಜೆ ಮಿಲ್ಲಿನ ಹಳಬರೆಲ್ಲ ಸೇರಿದರು. ಮಂಡಕ್ಕಿ ಖಾಲಿಯಾಗುವ ಮುಂಚೆಯೇ ಕೊಟ್ರಬಸಪ್ಪ ಎದ್ದು ನಿಂತು, ಎಲ್ಲರ ಎದುರಿಗೆ ನಡೆದದ್ದನ್ನೆಲ್ಲ ಹೇಳಿದ. ವಿಭೂತಿಯನ್ನೂ ಬಿಡಲಿಲ್ಲ, ಮರೆತ ಸಾಲನ್ನೂ ಬಿಡಲಿಲ್ಲ. ಮನೆ ಹಾರಿಹೋಗುವಷ್ಟು ನಗು ಎದ್ದಿತು. ಆಮೇಲೆ ರಂಗೋಜಿ ಸೂಜಿ ಇಳಿಸಿದ. ಎರಡನೇ ಚರಣ ಬಂದಾಗ ಎಲ್ಲರೂ ಮಾತು ನಿಲ್ಲಿಸಿದರು. ದನಿ ನಿಂತಿತು, ಹಾರ್ಮೋನಿಯಂ ಬಂತು. ಬೆತ್ತದ ಕುರ್ಚಿಯ ಕೈಮೇಲೆ ರಂಗೋಜಿಯ ಬೆರಳುಗಳು ತಾವಾಗಿಯೇ ಆಡುತ್ತಿದ್ದವು. ಕೊಟ್ರಬಸಪ್ಪ ಅವತ್ತು ತನ್ನ ದನಿ ಕೇಳಲೇ ಇಲ್ಲ. ಇಡೀ ಹಾಡು ಎಡಗಡೆಗೇ ಕಿವಿ ಕೊಟ್ಟು ಕೂತಿದ್ದ.

ಮುಂದಿನ ವರ್ಷದ ಆಯುಧಪೂಜೆಗೆ ಹಾಲಮ್ಮ ರೆಕಾರ್ಡ್ ಪ್ಲೇಯರಿನ ಮುಚ್ಚಳ ಮುಚ್ಚಿ, ಮೇಲೊಂದು ಮಲ್ಲಿಗೆ ಹೂವಿಟ್ಟಳು. ಕೊಟ್ರಬಸಪ್ಪ ವಿಭೂತಿಗೆ ಅದ್ದಿದ ಮೂರು ಬೆರಳನ್ನು ಅದರ ಹತ್ತಿರಕ್ಕೆ ತಂದ. ಹೆಂಡತಿ ಕೆಮ್ಮಿದಳು. ಬೆರಳುಗಳು ಮರ್ಯಾದೆಯಿಂದ ಮುಚ್ಚಳದ ಮೇಲೆಯೇ ಇಳಿದವು.

ನೀತಿ: ಏನಾದರೂ ಕೆಟ್ಟರೆ ಗಾಬರಿಯಿಂದ ಎಲ್ಲವನ್ನೂ ಒಟ್ಟಿಗೆ ಕೆದಕಬೇಡಿ, ಒಂದೊಂದಾಗಿ ನೋಡಿ, ನೋಡುವ ಸಾಲಿನಲ್ಲಿ ನಿಮ್ಮ ಕೈಯನ್ನೂ ಸೇರಿಸಿಕೊಳ್ಳಿ. ತಪ್ಪು ನಿಮ್ಮದೇ ಅಂತ ಗೊತ್ತಾದರೆ, ಕೆಟ್ಟ ವಸ್ತುವನ್ನು ಸರಿಮಾಡಿ ಸುಮ್ಮನಾಗಬೇಡಿ. ಯಾರ ಮೇಲೆ ತಪ್ಪು ಹೊರಿಸಿದ್ದಿರೋ ಅವರ ಬಾಗಿಲಿಗೆ ಅವತ್ತೇ ಹೋಗಿ ಒಪ್ಪಿಕೊಳ್ಳಿ. ನಿಮಗೆ ಗೊತ್ತಿಲ್ಲದೆ ಅವರು ನಿಮ್ಮ ಎಷ್ಟು ತಪ್ಪುಗಳನ್ನು ತುಂಬಿಕೊಟ್ಟಿದ್ದಾರೋ ಯಾರಿಗೆ ಗೊತ್ತು.